ಸೌಟಣ್ಣನನ್ನು ಕೊಲ್ಲುವವರು ಯಾರು?

ಫೆಬ್ರವರಿ ೩, ಸೋಮವಾರ

ತೀರ್ಮಾನ ಆಗಿಹೋಯಿತು. ಸೌಟಣ್ಣ ಸಾಯುತ್ತಾನೆ.

ಬೆಳಿಗ್ಗೆ ವಾರಪತ್ರಿಕೆಯ ಸಂಪಾದಕರ ಫೋನು ಬಂದಿತ್ತು. ವಾರ್ಷಿಕ ವಿಶೇಷಾಂಕಕ್ಕೆ ನಮ್ಮ ಯುದ್ಧದ ಚಿತ್ರಕಥೆಯಲ್ಲಿ ಏನಾದರೂ ದೊಡ್ಡದು ಆಗಬೇಕಂತೆ. “ಹನ್ನೊಂದು ವರ್ಷದಿಂದ ಯುದ್ಧ ನಡೀತಿದೆ ಸಾರ್, ನಮ್ಮ ಕಡೆಯವರಿಗೆ ಒಂದು ನೆಗಡಿ ಕೂಡ ಬಂದಿಲ್ಲ. ಯಾರನ್ನಾದ್ರೂ ಒಬ್ಬರನ್ನ ತೆಗೀರಿ” ಅಂದರು. ಶತ್ರುಗಳ ಕಡೆ, ಅಂದರೆ ಬೂದು ಟೋಪಿಯವರ ಕಡೆ, ವಾರಕ್ಕೆ ಹತ್ತು ಹನ್ನೆರಡು ಜನ ‘ಆ!’ ಎಂದು ಬೀಳುತ್ತಲೇ ಇರುತ್ತಾರೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ನಾನೂ ಹಿಡಿದಿಲ್ಲ.

“ಸೌಟಣ್ಣ” ಎಂದೆ, ತಕ್ಷಣ. “ಸೌಟಣ್ಣನಾ? ಹೂಂ... ಕಥೆ ನಿಮ್ಮದು, ನಿಮ್ಮಿಷ್ಟ” ಅಂದು ಫೋನಿಟ್ಟರು.

ಸೌಟಣ್ಣ ನಮ್ಮ ‘ಏಳನೇ ತುಕಡಿ’ಯ ಅಡುಗೆಯವನು. ಕಥೆ ನನ್ನದು, ಚಿತ್ರ ಅಕ್ಕನದು. ಆದರೆ ಈ ಆಸಾಮಿಯನ್ನು ನಾನು ಕರೆದೇ ಇರಲಿಲ್ಲ. ಮೊದಲನೇ ವರ್ಷ ಯಾವುದೋ ಚೌಕದ ಮೂಲೆ ಖಾಲಿ ಉಳಿಯಿತೆಂದು ಅಕ್ಕ ಅಲ್ಲೊಬ್ಬ ಡೊಳ್ಳುಹೊಟ್ಟೆಯವನನ್ನು ಕೂರಿಸಿ ಕೈಗೊಂದು ಸೌಟು ಕೊಟ್ಟಳು. ಅವತ್ತು ಕೂತವನು ಇವತ್ತಿಗೂ ಎದ್ದಿಲ್ಲ. ನನ್ನ ಕ್ಯಾಪ್ಟನ್ ಬೆಟ್ಟ ಹತ್ತುತ್ತಾನೆ, ಸೇತುವೆ ಉಡಾಯಿಸುತ್ತಾನೆ, ಗುಂಡಿನ ಮಳೆಯಲ್ಲಿ ನಿಂತು ಕರ್ತವ್ಯದ ಬಗ್ಗೆ ಒಳ್ಳೊಳ್ಳೆಯ ಮಾತಾಡುತ್ತಾನೆ. ಓದುಗರು ಮಾತ್ರ ‘ಈ ವಾರ ಸೌಟಣ್ಣನ ಹಂಡೆಗೆ ಕಪ್ಪೆ ಹಾರಿದ್ದು ಸೊಗಸಾಗಿತ್ತು’ ಎಂದು ಬರೆಯುತ್ತಾರೆ. ಹನ್ನೊಂದು ವರ್ಷದಲ್ಲಿ ಅವನಿಗೆ ನಾನು ಒಂದೇ ಒಂದು ಮಾತು ಕೊಟ್ಟಿಲ್ಲ. ಆದರೂ ಇವರಿಗೆ ಅವನೇ ಬೇಕು.

ಹೊಟ್ಟೆಕಿಚ್ಚು ಅಂದಳು ಹೆಂಡತಿ. ಅದಕ್ಕೇ ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತಿದ್ದೇನೆ: ಇದು ಹೊಟ್ಟೆಕಿಚ್ಚಲ್ಲ, ನೀತಿಯ ಪ್ರಶ್ನೆ. ಯುದ್ಧ ಅಂದರೆ ನಷ್ಟ. ಜನ ಪ್ರೀತಿಸುವವನು ಸತ್ತರೆ ಮಾತ್ರ ಯುದ್ಧದ ಬೆಲೆ ಏನೆಂದು ಅವರಿಗೆ ತಿಳಿಯುತ್ತದೆ. ಅದನ್ನು ತಿಳಿಸದೆ ಹನ್ನೊಂದು ವರ್ಷ ಢಮಾರ್ ಢಮಾರ್ ಎಂದು ಬರೆದುಕೊಂಡು ಬಂದದ್ದು ಸರಿಯೇ?

“ಕ್ಯಾಪ್ಟನ್ ಸತ್ರೆ ತಿಳಿಯಲ್ವಾ?” ಅಂದಳು.

“ಕ್ಯಾಪ್ಟನ್ ಸತ್ರೆ ತುಕಡಿ ನಡೆಸೋರು ಯಾರೇ?”

“ಸೌಟಣ್ಣ ಸತ್ರೆ ಅಡುಗೆ ಮಾಡೋರು ಯಾರ್ರೀ?”

ಇವಳ ಜೊತೆ ತಾತ್ವಿಕವಾಗಿ ಮಾತಾಡುವುದೇ ತಪ್ಪು.

ಫೆಬ್ರವರಿ ೫, ಬುಧವಾರ

ಅಕ್ಕನಿಗೆ ಹೇಳಿದ್ದಾಯಿತು. ಹೇಳಿದ್ದು ಅಂದರೆ ಬುಟ್ಟಿಯಲ್ಲಿ ಹಾಕಿ ಕಳಿಸಿದ್ದು. ಅವಳ ಮನೆ ಮೇಲೆ, ನಮ್ಮದು ಕೆಳಗೆ. ಅವಳ ಬಾಲ್ಕನಿಯಿಂದ ನಮ್ಮ ಅಡುಗೆಮನೆ ಕಿಟಕಿಗೆ ಹಗ್ಗ ಕಟ್ಟಿದ ಬುಟ್ಟಿ ಇಳಿಯುತ್ತದೆ. ಒಂದೊಂದು ಚೌಕದಲ್ಲಿ ಏನಾಗುತ್ತದೆ, ಯಾರು ಏನು ಹೇಳುತ್ತಾರೆ ಎಂದು ಒಂದೊಂದು ಚೀಟಿ ಬರೆದು ನಾನು ಮೇಲಕ್ಕೆ ಕಳಿಸುತ್ತೇನೆ. ಅವಳು ಪೆನ್ಸಿಲಿನಲ್ಲಿ ಚಿತ್ರ ಬರೆದು ಕೆಳಕ್ಕೆ ಇಳಿಸುತ್ತಾಳೆ, ಜೊತೆಗೆ ಕರಿಬೇವು ಬೇಕು, ಪೇಪರು ಬೇಕು ಅನ್ನುವುದೂ ಇಳಿಯುತ್ತದೆ. ಹನ್ನೊಂದು ವರ್ಷ ಹೀಗೇ ನಡೆದಿದೆ. ಮೆಟ್ಟಿಲು ಹತ್ತಿದರೆ ಮಾತು ಬೆಳೆಯುತ್ತದೆ, ಮಾತು ಬೆಳೆದರೆ ಜಗಳ ಆಗುತ್ತದೆ, ಪತ್ರಿಕೆಗೆ ತಡವಾಗುತ್ತದೆ.

ಸಾವಿನ ದೃಶ್ಯ ಚೆನ್ನಾಗಿ ಬಂದಿದೆ ಎಂದೇ ನನ್ನ ಅಭಿಪ್ರಾಯ. ಒಬ್ಬ ಬೂದು ಟೋಪಿಯವನು ಮರೆಯಿಂದ ಗುಂಡು ಹಾರಿಸುತ್ತಾನೆ. ಸೌಟಣ್ಣ ಕ್ಯಾಪ್ಟನ್‌ನ ತೋಳಿನಲ್ಲಿ ಒರಗಿ, ಅನ್ನದ ಋಣ, ಮಣ್ಣಿನ ಋಣ ಕುರಿತು ನಾಲ್ಕು ಚೌಕ ಮಾತಾಡಿ ಕಣ್ಣು ಮುಚ್ಚುತ್ತಾನೆ. ಪಾಪ, ಮೊದಲ ಸಲ ಬಾಯಿ ಬಿಡುತ್ತಿದ್ದಾನೆ, ಧಾರಾಳವಾಗಿ ಕೊಟ್ಟಿದ್ದೇನೆ.

ಬುಟ್ಟಿ ಇಳಿಯಲಿಲ್ಲ. ಅಕ್ಕನೇ ಇಳಿದು ಬಂದಳು, ಬೆರಳಿಗೆ ಮಸಿ ಮೆತ್ತಿಕೊಂಡು.

“ಹನ್ನೊಂದು ವರ್ಷ ಬಾಯಿ ಬಿಡದೋನು ಗುಂಡು ತಿಂದ್ಮೇಲೆ ಭಾಷಣ ಮಾಡ್ತಾನೇನೋ?”

“ಓದೋರಿಗೆ ಕಣ್ಣಲ್ಲಿ ನೀರು ಬರಬೇಕಕ್ಕ.”

“ನೀರು ಬರಲಿ ಅಂತ ಒಬ್ಬನ್ನ ಸಾಯಿಸ್ತೀಯಾ? ಈರುಳ್ಳಿ ಹೆಚ್ಚಲಿ ಅವರು.” ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಜಗಳಕ್ಕೆ ಬಂದವಳ ಹಾಗಲ್ಲದೆ ಕೆಲಸದ ಮಾತಿನ ಹಾಗೆ ಕೇಳಿದಳು: “ಸರಿ. ಕೊಲ್ಲೋನು ಯಾರು?”

“ಬರೆದಿದ್ದೀನಲ್ಲ, ಒಬ್ಬ ಬೂದು ಟೋಪಿ.”

“ಒಬ್ಬ ಅಂದ್ರೆ ಯಾವನು? ಎಂಥೋನು? ಸೌಟಣ್ಣನ್ನ ಕೊಲ್ಲೋನಿಗೆ ಒಂದು ಮುಖ ಬೇಡ್ವೇನೋ?”

ನಮ್ಮ ಬೂದು ಟೋಪಿಯವರಿಗೆ ಮುಖವಿಲ್ಲ. ಅದು ಅವಸರದಲ್ಲಿ ಹುಟ್ಟಿದ ಉಪಾಯ. ಟೋಪಿಯನ್ನು ಮೂಗಿನವರೆಗೆ ಎಳೆದುಬಿಟ್ಟರೆ ಕಣ್ಣು, ಹುಬ್ಬು ಬರೆಯುವ ಕೆಲಸ ಉಳಿಯುತ್ತದೆ. ವಾರಕ್ಕೆ ಹನ್ನೆರಡು ಜನ ಸಾಯುವಾಗ ಹನ್ನೆರಡು ಮುಖ ಬರೆಯುತ್ತ ಕೂರಲಾದೀತೇ? ಹನ್ನೊಂದು ವರ್ಷದಲ್ಲಿ ಶತ್ರುವಿನ ಒಂದು ಕಣ್ಣನ್ನೂ ನಾವಿಬ್ಬರೂ ನೋಡಿಲ್ಲ.

“ಹಾಕು, ಯಾವುದಾದ್ರೂ ಒಂದು ಮುಖ” ಎಂದೆ.

“ಅಭ್ಯಾಸ ತಪ್ಪಿದೆ. ಈ ವಾರದಿಂದ್ಲೇ ಟೋಪಿ ಮೇಲೆತ್ತಿ ಬರೀತೀನಿ. ವಿಶೇಷಾಂಕದ ಹೊತ್ತಿಗೆ ಕೈ ಕೂತಿರುತ್ತೆ” ಅಂದು ಮೇಲೆ ಹೋದಳು. ಇಷ್ಟು ಸುಲಭವಾಗಿ ಒಪ್ಪುತ್ತಾಳೆಂದು ಎಣಿಸಿರಲಿಲ್ಲ. ಅಕ್ಕ ಮೊದಲಿನಿಂದಲೂ ಗಟ್ಟಿ ಮನಸ್ಸಿನವಳು, ಅವಳು ಅತ್ತದ್ದನ್ನು ನಾನು ನೋಡಿಯೇ ಇಲ್ಲ.

ಫೆಬ್ರವರಿ ೧೪, ಶುಕ್ರವಾರ

ಇವತ್ತು ನನ್ನ ಪ್ರಾಣ ಕೂದಲೆಳೆಯಲ್ಲಿ ಉಳಿಯಿತು.

ಮುಖ ಕೆರೆಸಿಕೊಳ್ಳಲು ಕಟಿಂಗ್ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಕೆನ್ನೆಗೆಲ್ಲ ನೊರೆ ಬಳಿದು, ಕತ್ತಿಗೆ ಹೊಸ ಬ್ಲೇಡು ಹಾಕಿ, ನನ್ನ ಗದ್ದ ಮೇಲೆತ್ತಿ ಹಿಡಿದು, ಬಹಳ ಮೆತ್ತಗೆ ಕೇಳಿದ: “ಸಾರ್, ನಾನು ನಿಮಗೆ ಏನು ಅನ್ಯಾಯ ಮಾಡಿದ್ದೆ?”

ಕನ್ನಡಿಯ ಪಕ್ಕದಲ್ಲಿ ಈ ವಾರದ ಸಂಚಿಕೆ ಅಂಟಿಸಿತ್ತು. ಕ್ಯಾಪ್ಟನ್ ಸೇತುವೆ ಉಡಾಯಿಸಿದ ಚೌಕ. ನದಿಗೆ ಬೀಳುತ್ತಿರುವ ಬೂದು ಟೋಪಿಯವನಿಗೆ ಇವನದೇ ಮುಖ. ಅದೇ ಚಪ್ಪಟೆ ಮೀಸೆ, ಎಡಹುಬ್ಬಿನ ಮೇಲಿನ ಗಂಟು ಕೂಡ ಬಿಟ್ಟಿಲ್ಲ ಅಕ್ಕ. ಪೆನ್ಸಿಲ್ ಚಿತ್ರ ಕೆಳಗೆ ಬಂದಾಗ ನಾನು ಎಂದಿನಂತೆ ನಮ್ಮ ಕಡೆಯವರನ್ನು ಮಾತ್ರ ನೋಡಿ ಸರಿ ಎಂದು ಕಳಿಸಿದ್ದೆ.

ಗಂಟಲ ಮೇಲೆ ಕತ್ತಿ ಇದ್ದಾಗ ಸಾಹಿತ್ಯದ ಚರ್ಚೆ ಮಾಡುವುದು ಕಷ್ಟ. ಕಣ್ಣಲ್ಲೇ ಕ್ಷಮೆ ಕೇಳಿದೆ.

“ಸತ್ತಿದ್ದಕ್ಕೆ ಬೇಜಾರಿಲ್ಲ ಸಾರ್” ಎಂದ, ಕೆರೆಯುತ್ತಾ. “ಯುದ್ಧ ಅಂದ್ಮೇಲೆ ಸಾಯ್ಬೇಕು. ಆದ್ರೆ ಬರೀ ‘ಆ’ ಅಂತ ಸಾಯಿಸಿದ್ರಲ್ಲ! ನಿಮ್ಮ ಕ್ಯಾಪ್ಟನ್ನು ಶೂ ಹಾಕ್ಕೊಳೋಕೂ ಅರ್ಧ ಪುಟ ಮಾತಾಡ್ತಾನೆ. ನನಗೂ ಒಂದು ಮಾತು ಕೊಡಬಾರದಿತ್ತಾ? ಮನೇಲಿ ಮಗು ಇದೆ ಅಂತ, ಏನೋ ಒಂದು.”

“ಮುಂದಿನ ಸಲ ನೋಡೋಣ” ಎಂದೆ.

“ಮುಂದಿನ ಸಲ ಎಲ್ಲಿ ಸಾರ್? ನಾನು ಸತ್ತಾಯ್ತಲ್ಲ.”

ಫೆಬ್ರವರಿ ೨೨, ಶನಿವಾರ

ಈ ವಾರ ಅಕ್ಕ ನಮ್ಮ ಬೀದಿಯ ಟೈಲರನ್ನು ಹೊಡೆದುರುಳಿಸಿದ್ದಾಳೆ. ಕೊರಳಲ್ಲಿ ಅಳತೆ ಟೇಪು ಒಂದಿಲ್ಲ ಅನ್ನುವುದು ಬಿಟ್ಟರೆ ಅವರೇ. ಈ ಸಲ ನಾನು ನೋಡಿಯೂ ಇದ್ದೆ. ಆದರೆ ಬದಲಾಯಿಸಲು ಸಮಯವಿರಲಿಲ್ಲ, ಬದಲಾಯಿಸು ಅಂದರೆ ಕೇಳುವವಳೂ ಅವಳಲ್ಲ.

ಸಂಜೆ ಟೈಲರ ಹೆಂಡತಿ ಮನೆಗೇ ಬಂದರು. ನನ್ನವಳು ಒಳಗೆ ಕರೆದು ಕಾಫಿ ಕೊಟ್ಟು, ಕಾಲು ಚಾಚಿ ಕೂತು, ತಮಾಷೆ ನೋಡಿದಳು.

“ನಮ್ಮೋರಿಗೆ ಮೊದಲೇ ಹೊಟ್ಟೆಹುಣ್ಣು. ನೀವು ಹುಡುಕಿ ಹುಡುಕಿ ಹೊಟ್ಟೆಗೇ ಗುಂಡು ಹೊಡೆದಿದ್ದೀರಲ್ಲ!”

“ಅದು ನಿಮ್ಮೋರಲ್ಲಮ್ಮ, ಶತ್ರು.”

“ಯಾರಿಗೆ ಶತ್ರು? ಹೋದ ತಿಂಗಳು ತಾನೇ ನಿಮ್ಮ ಪ್ಯಾಂಟು ಸಡಿಲ ಮಾಡಿಕೊಟ್ರು.”

ನಾನು ವಿವರಿಸಿದೆ. ಚಿತ್ರ ಬೇರೆ, ಜೀವ ಬೇರೆ, ಕಾಗದದ ಮೇಲೆ ಸತ್ತವನಿಗೆ ನೋವಿಲ್ಲ, ಮಸಿಗೆ ರಕ್ತವಿಲ್ಲ. ಚೆನ್ನಾಗಿಯೇ ಮಾತಾಡಿದೆ. ಆಕೆ ಪೂರ್ತಿ ಕೇಳಿಸಿಕೊಂಡು, “ಹಾಗಾದ್ರೆ ಸೌಟಣ್ಣ ಸತ್ರೆ ಜನಕ್ಕೆ ಯುದ್ಧದ ಬೆಲೆ ತಿಳಿಯುತ್ತೆ ಅಂತ ನಿಮ್ಮ ಮನೆಯವರ ಹತ್ರ ಹೇಳಿದ್ರಂತೆ? ಅವನೂ ಮಸಿ ತಾನೇ?” ಅಂದರು. ನಾನು ನನ್ನವಳ ಕಡೆ ನೋಡಿದೆ. ಅವಳು ಲೋಟ ತೊಳೆಯಲು ಎದ್ದು ಹೋದಳು. ಅಂದರೆ ಗುಟ್ಟು ಬೀದಿಗೆಲ್ಲ ಗೊತ್ತಾಗಿದೆ.

ಕೊನೆಗೆ ರಾಜಿಯಾಯಿತು. ಟೈಲರು ಸತ್ತಿಲ್ಲ, ಗಾಯವಾಗಿ ಸೆರೆ ಸಿಕ್ಕಿದ್ದಾರೆ. ಮುಂದಿನ ಕಂತಿನಲ್ಲಿ ಪಟ್ಟಿ ಕಟ್ಟಿಸಿಕೊಂಡು ಕೂತಿರುತ್ತಾರೆ.

ಫೆಬ್ರವರಿ ೨೭, ಗುರುವಾರ

ಒಬ್ಬರಿಗೆ ಮಾಡಿದರೆ ಎಲ್ಲರಿಗೂ ಮಾಡಬೇಕು ಅನ್ನುವುದು ಮೊದಲೇ ಹೊಳೆಯಬೇಕಿತ್ತು. ಕಟಿಂಗ್ ಅಂಗಡಿಯವನನ್ನು ನದಿಯಿಂದ ಎತ್ತಿಸಬೇಕಾಯಿತು (“ಈಜು ಬರುತ್ತೆ ಸಾರ್ ನನಗೆ, ನೀವು ಕೇಳ್ಲೇ ಇಲ್ಲ”). ಬ್ಯಾಂಕಿನ ಕಾವಲುಗಾರ, ಹಾಲಿನವನು, ಹೆಂಡತಿಯ ದೊಡ್ಡಪ್ಪ, ಎಲ್ಲರೂ ಸೆರೆ ಸಿಕ್ಕಿದ್ದಾರೆ. ಈ ವಾರ ಒಬ್ಬನೂ ಸತ್ತಿಲ್ಲ. ಸೆರೆಯಾಳುಗಳು ಸಾಲಾಗಿ ಕೂತಿದ್ದಾರೆ, ಸೌಟಣ್ಣ ಎಲ್ಲರಿಗೂ ಬಡಿಸುತ್ತಿದ್ದಾನೆ, ಕ್ಯಾಪ್ಟನ್ ಒಂದು ಮೂಲೆಯಲ್ಲಿ ನಿಂತು ಕರ್ತವ್ಯದ ಬಗ್ಗೆ ಮಾತಾಡುತ್ತಿದ್ದಾನೆ, ಯಾರೂ ಕೇಳಿಸಿಕೊಳ್ಳುತ್ತಿಲ್ಲ.

“ಇದು ಯುದ್ಧವೋ, ಹೋಟ್ಲೋ?” ಎಂದು ಸಂಪಾದಕರು ಕೇಳಿದರು. ಆದರೆ ಪತ್ರಿಕೆ ಜಾಸ್ತಿ ಖರ್ಚಾಗಿದೆಯಂತೆ. ಬೀದಿಯವರೇ ಹತ್ತತ್ತು ಕೊಂಡಿದ್ದಾರೆ ಎಂದು ನಾನು ಹೇಳಲಿಲ್ಲ.

ಮಾರ್ಚ್ ೪, ಮಂಗಳವಾರ

ವಿಶೇಷಾಂಕಕ್ಕೆ ಕೊಲೆಗಾರ ಸಿಗುತ್ತಿಲ್ಲ.

ಅಕ್ಕನ ಷರತ್ತು ಒಂದೇ: ಕೊಲ್ಲುವವನ ಮುಖ ಯಾರದೆಂದು ನಾನೇ ಹೇಳಬೇಕು, ಅವರು ಒಪ್ಪಿರಬೇಕು. ಕಟಿಂಗ್ ಅಂಗಡಿಯವನನ್ನು ಕೇಳಿದೆ. “ಸಾಯೋದಾದ್ರೆ ಇನ್ನೊಂದು ಸಲ ಸಾಯ್ತೀನಿ ಸಾರ್. ಸೌಟಣ್ಣನ್ನ ಕೊಲ್ಲೋದು ಮಾತ್ರ ನನ್ನ ಕೈಲಾಗಲ್ಲ. ಅವನ ಕೈಯಿಂದ ಊಟ ಮಾಡಿದ್ದೀನಿ” ಅಂದ. ಹೋದ ವಾರದ ಕಂತಿನಲ್ಲಿ ಮಾಡಿದ ಊಟ! ಟೈಲರು ಮುಖ ತಿರುಗಿಸಿಕೊಂಡರು. ಹೆಂಡತಿಯ ದೊಡ್ಡಪ್ಪ ಫೋನಿನಲ್ಲಿ ಬೈದರು.

ಹಾಗಾದರೆ ಮನುಷ್ಯರೇ ಬೇಡ, ಆಕಾಶದಿಂದ ಬಾಂಬು ಬೀಳಲಿ ಎಂದು ಚೀಟಿ ಕಳಿಸಿದೆ. ಬುಟ್ಟಿ ಇಳಿಯಿತು: ‘ವಿಮಾನದಲ್ಲಿ ಗುಂಡಿ ಒತ್ತುವವನು ಯಾರು?’ ಮಧ್ಯಾಹ್ನ ಹೇಗೂ ಹಲ್ಲು ತೋರಿಸಲು ಹೋಗಬೇಕಿತ್ತು, ಹಲ್ಲಿನ ಡಾಕ್ಟರನ್ನು ಕೇಳಿಬಿಡೋಣ ಎಂದುಕೊಂಡೆ. ಅಷ್ಟು ಎತ್ತರದಿಂದ ಗುಂಡಿ ಒತ್ತಿದರೆ ಯಾರಿಗೂ ಪಾಪ ತಟ್ಟಿದಂತೆ ಅನ್ನಿಸುವುದಿಲ್ಲ. ಡಾಕ್ಟರು ನನ್ನ ಬಾಯೊಳಗೆ ಯಂತ್ರ ಇಟ್ಟುಕೊಂಡೇ ಯೋಚನೆ ಮಾಡಿದರು. “ಮೇಲಿಂದ ನೋಡಿದ್ರೆ ಹಂಡೆ ಕಾಣುತ್ತಲ್ವಾ? ಹಂಡೆ ಕಂಡ್ರೆ ಸೌಟಣ್ಣ ಅಂತ ಗೊತ್ತಾಗುತ್ತೆ. ಗೊತ್ತಿದ್ದೂ ಒತ್ತೋದು ಹೇಗೆ?” ಅಂದರು. ನಾನು ಆ ಆ ಎಂದೆ. ಅವರು ಅದನ್ನು ಒಪ್ಪಿಗೆ ಎಂದು ತಿಳಿದು ಹಲ್ಲು ಕಿತ್ತರು.

ನೆಲಬಾಂಬು? ‘ಹೂತವನು ಯಾರು?’ ಕಾಲುಜಾರಿ ಪ್ರಪಾತಕ್ಕೆ? ‘ಅದಕ್ಕೆ ಯುದ್ಧ ಯಾಕೆ, ನಮ್ಮ ಮೆಟ್ಟಿಲೇ ಸಾಕು.’ ಜ್ವರ? ‘ಡಾಕ್ಟರನ್ನು ಕರೆಸು.’

ಕೆನ್ನೆ ಊದಿದೆ. ಯಾರೂ ಸಾಯಿಸದೆ ಜನ ಹೇಗೆ ಸಾಯುತ್ತಿದ್ದರು ಇಷ್ಟು ವರ್ಷ?

ಮಾರ್ಚ್ ೮, ಶನಿವಾರ

ಅಕ್ಕ ಗೆರೆ ದಾಟಿದ್ದಾಳೆ.

ಬೆಳಿಗ್ಗೆ ಬುಟ್ಟಿಯಲ್ಲಿ ಒಂದೇ ಒಂದು ಚೌಕ ಬಂತು. ಸೌಟಣ್ಣ ಬೆನ್ನು ತಿರುಗಿಸಿ ಹಂಡೆ ಕಲಕುತ್ತಿದ್ದಾನೆ. ಮರದ ಮರೆಯಲ್ಲಿ ಬಂದೂಕು ಗುರಿಯಿಟ್ಟ ಬೂದು ಟೋಪಿಯವನು. ಅವನ ಮೂಗು ನನ್ನ ಮೂಗು. ಕನ್ನಡಕವೂ ನನ್ನದೇ, ದಾರ ಸುತ್ತಿದ ಕಡ್ಡಿ ಸಮೇತ. ಕೆಳಗೆ ಬರೆದಿದ್ದಳು: ‘ಬೇರೆ ಯಾರೂ ಒಪ್ಪದಿದ್ದರೆ ಇವನಿದ್ದಾನೆ. ಇವನಿಗೇ ತಾನೆ ಅವಸರ.’

ಮೈಯೆಲ್ಲ ಉರಿದುಹೋಯಿತು. ಮೆಟ್ಟಿಲ ಕೆಳಗೆ ನಿಂತು ಕೂಗಿದೆ, “ಏನಕ್ಕ ಇದು? ನಾನು ಕಥೆ ಬರೆಯೋನು, ಕೊಲೆಗಾರ ಅಲ್ಲ!”

“ಮತ್ತೆ ಯಾರಪ್ಪ ಕೊಲೆಗಾರ?” ಎಂದು ಮೇಲಿನಿಂದ ಉತ್ತರ. ಬಾಗಿಲು ಹಾಕಿಕೊಂಡಳು.

ಹೆಂಡತಿಗೆ ತೋರಿಸಿದೆ, ನನ್ನ ಪರವಾಗಿ ಒಂದು ಮಾತಾಡಲಿ ಅಂತ. ಅವಳು ಬೆಳಕಿಗೆ ಹಿಡಿದು ನೋಡಿ, “ಕ್ಯಾಪ್ಟನ್ನಿಗೆ ಕನ್ನಡಕ ಹಾಕಿದ ಹಾಗಿದೆ” ಅಂದಳು.

“ಕ್ಯಾಪ್ಟನ್ನಿಗೂ ಇದಕ್ಕೂ ಏನು ಸಂಬಂಧ?”

“ಕ್ಯಾಪ್ಟನ್ ನೀವೇ ಅಲ್ವಾ? ಮೂಗು, ಗದ್ದ, ನಿಂತ್ಕೊಳ್ಳೋದು, ಸೊಂಟದ ಮೇಲೆ ಕೈ. ಹನ್ನೊಂದು ವರ್ಷದಿಂದ ನಿಮ್ಮಕ್ಕ ಬರೀತಿರೋದು ನಿಮ್ಮನ್ನೇ. ಗೊತ್ತಿರ್ಲಿಲ್ವಾ? ಬೀದಿಗೆಲ್ಲ ಗೊತ್ತು.”

ಕನ್ನಡಿ ಮುಂದೆ ನಿಂತೆ. ಕೈ ಸೊಂಟದ ಮೇಲೆ ಇತ್ತು. ಇಳಿಸಿದೆ.

ಮಾರ್ಚ್ ೧೨, ಬುಧವಾರ

ಇನ್ನೊಂದು ವಾರ ಗಡುವು ಕೇಳೋಣವೆಂದು ಪತ್ರಿಕೆಯ ಕಚೇರಿಗೆ ಹೋಗಿದ್ದೆ. ಸಂಪಾದಕರು ಯಾರ ಹತ್ತಿರವೋ ಮಾತಾಡಲು ಹೊರಗೆ ಹೋದರು. ಮೇಜಿನ ಮೇಲೆ ಅಕ್ಕನ ಕೈಯ ಎರಡು ದೊಡ್ಡ ಹಾಳೆಗಳಿದ್ದವು. ಪೂರ್ತಿ ಸೌಟಣ್ಣ. ಕ್ಯಾಪ್ಟನ್ ಇಲ್ಲ, ಯುದ್ಧವಿಲ್ಲ, ಒಂದಕ್ಷರ ಮಾತಿಲ್ಲ. ಹಂಡೆಯೊಳಗೆ ಬೆಕ್ಕು ಮಲಗಿಬಿಟ್ಟಿದೆ. ಅದನ್ನು ಎಬ್ಬಿಸಲು ಮನಸ್ಸಾಗದೆ ಸೌಟಣ್ಣ ಮಾಡುವ ಪಾಡು. ಕೊನೆಗೆ ಟೋಪಿಯಲ್ಲಿ ಆಲೂಗಡ್ಡೆ ಬೇಯಿಸುತ್ತಾನೆ. ಜೋರಾಗಿ ನಕ್ಕುಬಿಟ್ಟೆ. ಪಕ್ಕದ ಮೇಜಿನವರು ತಿರುಗಿ ನೋಡಿದರು.

“ಜನವರಿಯಲ್ಲೇ ಕೇಳಿದ್ದೆ ನಿಮ್ಮಕ್ಕನ್ನ” ಎಂದರು ಸಂಪಾದಕರು ಬಂದು. “ಮಕ್ಕಳ ಪುಟಕ್ಕೆ, ವಾರವಾರ ಒಂದು ಇಡೀ ಪುಟ. ಇವು ಮಾದರಿಗೆ ಬರೆದುಕೊಟ್ಟಿದ್ದು. ತಮ್ಮನ್ನ ಒಂದು ಮಾತು ಕೇಳಿ ಹೇಳ್ತೀನಿ ಅಂದಿದ್ರು. ಕೇಳ್ಲಿಲ್ವಾ?”

“ಇಲ್ಲ.”

“ಅಷ್ಟರಲ್ಲಿ ನೀವು ಅವನನ್ನೇ ತೆಗೀತೀನಿ ಅಂದ್ರಿ. ಮೊನ್ನೆ ಫೋನ್ ಮಾಡಿ, ಬೇಡ ಬಿಡಿ ಅಂದ್ರು. ನಿಜ, ಸತ್ತೋನ ಕೈಲಿ ಮಕ್ಕಳ ಪುಟದಲ್ಲಿ ಹೇಗೆ ಅಡುಗೆ ಮಾಡ್ಸೋದು?”

“ಇದರಲ್ಲಿ ನನ್ನ ಕೆಲಸ ಏನಿರುತ್ತೆ?”

ಸಂಪಾದಕರು ಸಂಕೋಚದಿಂದ ಕೆಮ್ಮಿದರು. “ನಿಮಗೆ ಕೆಲಸ ಇರಲ್ಲ ಸಾರ್. ಮಾತಿಲ್ಲವಲ್ಲ.”

ನನಗೇನೂ ಅನ್ನಿಸಲಿಲ್ಲ. ಬಸ್ಸಿನಲ್ಲಿ ಎರಡು ಸ್ಟಾಪು ಮುಂದೆ ಹೋಗಿ ಇಳಿದೆ, ಅಷ್ಟೆ.

ಮಾರ್ಚ್ ೧೩, ಗುರುವಾರ

ಬರೆಯುವಂಥದ್ದು ಏನಿಲ್ಲ.

ಮಾರ್ಚ್ ೧೫, ಶನಿವಾರ

ಬೇಜಾರಾಗಿದೆ. ನಾನಿಲ್ಲದೆ ಅಕ್ಕ ಬರೆಯಬಲ್ಲಳು ಅಂತ ಬೇಜಾರೋ, ನಾನಿಲ್ಲದೆ ಬರೆದದ್ದು ಅಷ್ಟು ಚೆನ್ನಾಗಿದೆ ಅಂತ ಬೇಜಾರೋ ಗೊತ್ತಾಗುತ್ತಿಲ್ಲ.

ಅವಳು ಯಾಕೆ ಕೇಳಲಿಲ್ಲ? ಒಂದು ತಿಂಗಳ ಮೇಲಾಯಿತು, ಕೊಲ್ಲುವವನು ಯಾರು, ಕೊಲ್ಲುವವನು ಯಾರು ಎಂದು ನನ್ನ ತಲೆ ತಿಂದಳು. ಟೈಲರು, ಹಾಲಿನವನು, ಊರವರ ಮುಖವೆಲ್ಲ ಬರೆದಳು. ‘ಇವನು ನನಗೆ ಬೇಕು ಕಣೋ, ಬಿಟ್ಟುಬಿಡು’ ಅಂತ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ನಾನು ಆಗಲ್ಲ ಅನ್ನುತ್ತಿದ್ದೆನೇ?

ಅನ್ನುತ್ತಿದ್ದೆ. ಕಥೆಯ ಅಗತ್ಯ ಅಂತ ಅನ್ನುತ್ತಿದ್ದೆ. ಅದು ಅವಳಿಗೆ ಗೊತ್ತಿತ್ತು.

ಇವತ್ತು ಬುಟ್ಟಿ ಖಾಲಿ ಹೋಯಿತು, ಖಾಲಿ ಬಂತು. ಕರಿಬೇವು ಕೂಡ ಕೇಳಲಿಲ್ಲ ಅವಳು.

ಮಾರ್ಚ್ ೧೬, ಭಾನುವಾರ

ಕೂಲಂಕಷವಾಗಿ ಯೋಚಿಸಿ ನೋಡಿದಾಗ ಸೌಟಣ್ಣನ ಸಾವು ಕಥೆಗೆ ಹೊಂದುವುದಿಲ್ಲ ಎಂದು ಕಂಡುಬಂದಿದೆ. ತುಕಡಿಗೆ ಊಟ ಬೇಕು. ಸೆರೆಯಾಳುಗಳು ಬೇರೆ ಇದ್ದಾರೆ, ಅವರನ್ನು ಉಪವಾಸ ಕೆಡವುವುದು ಯಾವ ಯುದ್ಧದ ನೀತಿಗೂ ಸರಿಹೋಗುವುದಿಲ್ಲ. ಇದು ಶುದ್ಧ ಕಥೆಯ ಲೆಕ್ಕಾಚಾರ. ಅಕ್ಕನಿಗೂ ಮಕ್ಕಳ ಪುಟಕ್ಕೂ ಇದಕ್ಕೂ ಎಳ್ಳಷ್ಟೂ ಸಂಬಂಧವಿಲ್ಲ.

ಆದ್ದರಿಂದ ಕ್ಯಾಪ್ಟನ್ ಸಾಯುತ್ತಾನೆ.

ಚೀಟಿ ಬರೆದೆ. ಅಡುಗೆಯ ಹೊಗೆ ನೋಡಿ ಬೂದು ಟೋಪಿಯವನೊಬ್ಬ ಗುರಿಯಿಡುತ್ತಾನೆ. ಕ್ಯಾಪ್ಟನ್ ಅದನ್ನು ಕಂಡು ಅಡ್ಡ ಬರುತ್ತಾನೆ. ಬೀಳುತ್ತಾನೆ. ಮಾತಿಲ್ಲ. ಹೌದು, ಮೊದಲು ಎರಡು ಪುಟ ಮಾತು ಬರೆದಿದ್ದೆ. ಆಮೇಲೆ ನಾಲ್ಕು ಸಾಲಿಗೆ ಇಳಿಸಿದೆ. ಆಮೇಲೆ ಒಂದು ಸಾಲು. ಆ ಒಂದು ಸಾಲು ನೋಡಿದರೆ ಅದೂ ಸುಳ್ಳು ಅನ್ನಿಸಿತು, ಹೊಡೆದುಹಾಕಿದೆ. ಕೊಲ್ಲುವವನು ಯಾರು ಎಂದು ಕೇಳುವ ಕಷ್ಟ ಅವಳಿಗೆ ಬೇಡವೆಂದು ನಾನೇ ಬರೆದೆ: ‘ನನ್ನ ಮುಖ ಹಾಕು. ಬೇರೆಯವರ ತಂಟೆ ಬೇಡ.’

ಕೊನೆಯ ಚೀಟಿಯಲ್ಲಿ, ಸೌಟಣ್ಣನನ್ನು ತುಕಡಿಯಿಂದ ಬಿಡುಗಡೆ ಮಾಡಲಾಗಿದೆ, ಅವನು ಹಂಡೆ ಹೊತ್ತು ಎಲ್ಲಿಗೆ ಬೇಕಾದರೂ ಹೋಗಬಹುದು, ಬೆಕ್ಕನ್ನೂ ಒಯ್ಯಬಹುದು ಎಂದು ಬರೆದು ಬುಟ್ಟಿಯಲ್ಲಿ ಹಾಕಿದೆ.

ಮಾರ್ಚ್ ೧೯, ಬುಧವಾರ

ಮೂರು ದಿನದಿಂದ ಬುಟ್ಟಿ ಮೇಲೆಯೇ ಇದೆ. ಸಂಪಾದಕರು ದಿನಾ ಫೋನು ಮಾಡುತ್ತಿದ್ದಾರೆ. ಸೌಟಣ್ಣ ಉಳಿದ ಸುದ್ದಿ ಬೀದಿಗೆ ಮುಟ್ಟಿದೆ. ಟೈಲರು ನನ್ನ ಪ್ಯಾಂಟು ಬಿಟ್ಟಿ ಇಸ್ತ್ರಿ ಮಾಡಿಕೊಟ್ಟರು. ಕ್ಯಾಪ್ಟನ್ ಸಾಯುತ್ತಾನೆ ಎಂದೆ. “ಹೌದಾ? ಒಳ್ಳೇದು ಬಿಡಿ” ಅಂದರು. ಒಬ್ಬರಾದರೂ ಅಯ್ಯೋ ಅನ್ನಲಿಲ್ಲ. ಕಟಿಂಗ್ ಅಂಗಡಿಯವನು, “ಇನ್ನು ಮುಂದೆ ಚಿತ್ರ ಸಲೀಸಾಗಿ ಕಾಣುತ್ತೆ ಸಾರ್, ಮಾತು ಅಡ್ಡ ಬರಲ್ಲ” ಎಂದ.

ಹನ್ನೊಂದು ವರ್ಷ ಆ ಮನುಷ್ಯ ಇವರಿಗಾಗಿ ಗುಂಡಿಗೆ ಎದೆಯೊಡ್ಡಿದ್ದಾನೆ. ನನಗೆ ನಿಜವಾಗಿ ದುಃಖವಾಯಿತು.

ಮಾರ್ಚ್ ೨೦, ಗುರುವಾರ

ಮಧ್ಯಾಹ್ನ ಮೆಟ್ಟಿಲು ಹತ್ತಿ ಹೋದೆ. ಎಷ್ಟು ದಿನವಾಗಿತ್ತೋ ಅವಳ ಕೋಣೆಗೆ ಕಾಲಿಟ್ಟು. ಮೇಜಿನ ಸುತ್ತ ನೆಲದ ತುಂಬ ಉಂಡೆ ಮಾಡಿ ಎಸೆದ ಕಾಗದ. ಒಂದನ್ನು ಬಿಡಿಸಿ ನೋಡಿದೆ. ಕ್ಯಾಪ್ಟನ್. ಇನ್ನೊಂದು ಬಿಡಿಸಿದೆ. ಕ್ಯಾಪ್ಟನ್, ಅರ್ಧ. ಎಲ್ಲದರಲ್ಲೂ ಮೂಗಿನವರೆಗೆ ಬಂದು ನಿಂತಿದೆ.

“ಏನಕ್ಕ, ವಿಶೇಷಾಂಕ ನಾಳಿದ್ದು ಅಚ್ಚಿಗೆ ಹೋಗ್ಬೇಕು.”

“ಗೊತ್ತು ಕಣೋ.” ತಲೆ ಎತ್ತಲಿಲ್ಲ. “ಅವನು ಮಲಗಿದ್ದನ್ನ ನಾನು ಒಂದು ಸಲಾನೂ ಬರೆದಿಲ್ಲ. ಹೇಗೆ ಬೀಳ್ತಾನೋ ಗೊತ್ತಾಗ್ತಿಲ್ಲ.”

“ಬೀಳೋದಕ್ಕೇನು, ಎಲ್ಲರ ಹಾಗೆ ಬೀಳ್ತಾನೆ.”

“ಎಲ್ಲರ ಹಾಗೆ ಅಲ್ಲ ಅವನು.”

ಇಷ್ಟು ದೊಡ್ಡ ಕಲಾವಿದೆ, ಇಷ್ಟು ಸಣ್ಣ ತೊಂದರೆ. ತಡವಾಗುತ್ತದೆ ಎಂದು ನಾನೇ ಕನ್ನಡಕ ತೆಗೆದಿಟ್ಟು, ಕಾಗದದ ಉಂಡೆಗಳನ್ನು ಸರಿಸಿ, ನೆಲದ ಮೇಲೆ ಸತ್ತು ಬಿದ್ದೆ. ಒಂದು ಕೈ ಎದೆಯ ಮೇಲೆ, ಒಂದು ಕೈ ಚಾಚಿ. ನೆಲ ತಣ್ಣಗಿತ್ತು. ಅಕ್ಕ ನಗಲಿಲ್ಲ, ಹೊಸ ಹಾಳೆ ತೆಗೆದಳು.

“ಎದೆ ಮೇಲಿನ ಕೈ ತೆಗಿ, ನಾಟಕ ಆಯ್ತು.”

ತೆಗೆದೆ. “ಅಕ್ಕ, ಮಕ್ಕಳ ಪುಟದ ಚಿತ್ರ ನೋಡ್ದೆ. ಬೆಕ್ಕಿನದು.”

“ಸತ್ತೋರು ಮಾತಾಡಲ್ಲ.”

“ಅಲ್ಲ, ಚೆನ್ನಾಗಿತ್ತು ಅಂತ. ಸಂಪಾದಕರಿಗೆ ಫೋನ್ ಮಾಡಿದ್ದೀನಿ, ಅಕ್ಕ ಬರೀತಾಳೆ ಅಂತ ಹೇಳಿದ್ದೀನಿ.”

“ಬಾಯಿ ಮುಚ್ಚೋ.”

ಮುಚ್ಚಿದೆ. ಪೆನ್ಸಿಲು ಕಾಗದದ ಮೇಲೆ ಕೆರೆಯುವ ಸದ್ದು ಮಾತ್ರ. ಯಾವುದೋ ಇರುವೆ ಕಾಲಿನ ಮೇಲೆ ಹತ್ತಿತು. ಇನ್ನೊಂದು ಕಾಲಿನಿಂದ ಕೆರೆದುಕೊಂಡೆ. “ಸತ್ತೋರು ಕಾಲು ಕೆರ್ಕೊಳಲ್ಲ” ಅಂದಳು. ಸುಮ್ಮನಾದೆ. ಸ್ವಲ್ಪ ಹೊತ್ತಿಗೆ, “ಹೊಟ್ಟೆ ಮೇಲೆ ಕೆಳಗೆ ಆಗ್ತಿದೆ, ಉಸಿರು ಬಿಗಿಹಿಡಿ” ಅಂದಳು. ಹಿಡಿದೆ.

ಹನ್ನೊಂದು ವರ್ಷ ನನ್ನ ಮಾತನ್ನೆಲ್ಲ ಚಿತ್ರ ಮಾಡಿದವಳು, ಒಮ್ಮೆಯಾದರೂ ಅವಳು ಹೇಳಿದ ಹಾಗೆ ಸರಿಯಾಗಿ ಮಾಡೋಣ ಎಂದು ಎದೆ ಅಲುಗದ ಹಾಗೆ, ಕಣ್ಣು ಮಿಟುಕದ ಹಾಗೆ, ಚೆನ್ನಾಗಿ ಸತ್ತೆ. ಪೆನ್ಸಿಲಿನ ಸದ್ದು ನಿಂತಿತು. ಮೂಗು ಬರೆಯುವ ಹೊತ್ತು ಬಂದಿರಬೇಕು ಎಂದುಕೊಂಡು ಇನ್ನೂ ಗಟ್ಟಿಯಾಗಿ ಹಿಡಿದೆ.

“ಸಾಕು, ಬಿಡೋ” ಎಂದಳು. ಧ್ವನಿ ಸರಿಯಿರಲಿಲ್ಲ. ಪರೀಕ್ಷೆ ಮಾಡುತ್ತಿದ್ದಾಳೆಂದು ನಾನು ಬಿಡಲಿಲ್ಲ.

“ಉಸಿರು ಬಿಡೋ! ಬಿಡೋ ಅಂದ್ರೆ!” ಪೆನ್ಸಿಲು ಬಂದು ನನ್ನ ಹಣೆಗೆ ಬಿತ್ತು, ಹಿಂದೆಯೇ ಅಕ್ಕ ಬಂದು ಭುಜ ಹಿಡಿದು ಅಲುಗಾಡಿಸಿದಳು. ಕಣ್ಣು ಬಿಟ್ಟರೆ ಅವಳ ಮುಖ ನನ್ನ ಮುಖದ ಮೇಲೆಯೇ ಇತ್ತು, ಕೆನ್ನೆಯೆಲ್ಲ ಮಸಿ, ಮಸಿಯ ಮೇಲೆ ನೀರು ಇಳಿದು ಗೆರೆಗಳಾಗಿದ್ದವು. ನಾನು ಉಸಿರು ಬಿಟ್ಟೆ. ಅವಳು ನನ್ನ ತಲೆಗೆ ಒಂದು ಮೊಟಕಿ, ನೆಲದ ಮೇಲೆ ಅಲ್ಲೇ ಕೂತುಬಿಟ್ಟಳು.

ಚಿತ್ರ ಮುಗಿಯಲಿಲ್ಲ. ನಾಳೆ ಕಾಫಿ ಕುಡಿದು, ಮೇಲೆ ಹೋಗಿ ಇನ್ನೊಂದು ಸಲ ಸಾಯಬೇಕು.